ನ್ಯಾಯಾಲಯದ ಮುಂದೆ ಅಸ್ವಸ್ಥ ಮನಸ್ಸು: ಇಸ್ಲಾಮಿನ ಮಾರ್ಗದರ್ಶನ ಮತ್ತು ಕುಟುಂಬದ ಹೊಣೆ

ನ್ಯಾಯಪಾಲನೆಗೆ ಇಸ್ಲಾಮ್ ನೀಡಿರುವ ಸ್ಥಾನ ಓದುಗರಿಗೆ ತಿಳಿಯದ್ದೇನಲ್ಲ. ಸತ್ಯವಿಶ್ವಾಸಿಗಳು ನ್ಯಾಯದ ಪರವಾಗಿ ದೃಢವಾಗಿ ನಿಲ್ಲಬೇಕು. ಅದು ಸ್ವಂತಕ್ಕೆ, ಮಾತಾಪಿತರಿಗೆ ಅಥವಾ ಬಂಧುಗಳಿಗೆ ವಿರುದ್ಧವಾಗಿದ್ದರೂ ಸಾಕ್ಷ್ಯವನ್ನು ತಿರುಚಬಾರದು ಎಂದು ಪವಿತ್ರ ಕುರ್‌ಆನ್ ಆಜ್ಞಾಪಿಸಿದೆ (4:135). ಒಂದು ಜನರ ಮೇಲಿನ ದ್ವೇಷ ಕೂಡ ನಮ್ಮನ್ನು ನ್ಯಾಯದಿಂದ ವಿಮುಖಗೊಳಿಸಬಾರದು ಎಂದು ಇನ್ನೊಂದೆಡೆ ಎಚ್ಚರಿಸಿದೆ (5:8). ಈ ಸೂಕ್ತಗಳನ್ನು ನಾವು ಜುಮಾ ಪ್ರವಚನಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ.

ಆದರೆ ತೀರ್ಪು ಸರಿಯಾಗಿದ್ದ ಮಾತ್ರಕ್ಕೆ ನ್ಯಾಯ ಪೂರ್ಣವಾಗುವುದಿಲ್ಲ. ತೀರ್ಪಿಗೆ ಮುನ್ನ ನಡೆಯುವ ವಿಚಾರಣೆಯೂ ನ್ಯಾಯಯುತವಾಗಿರಬೇಕು. ತನ್ನ ಮೇಲಿನ ಆರೋಪವೇನೆಂದು ಅರಿಯದ, ಎದುರು ಕುಳಿತವರು ಯಾರೆಂದು ತಿಳಿಯದ, ತನ್ನ ಪರವಾಗಿ ಒಂದು ಮಾತು ಹೇಳಲೂ ಆಗದ ವ್ಯಕ್ತಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಿಸಬಹುದೇ? ಮನೋರೋಗದಿಂದ ಬಳಲುವವನು, ಹುಟ್ಟಿನಿಂದಲೇ ಬುದ್ಧಿ ಬೆಳೆಯದವನು, ಕಿವಿ ಕೇಳದ ಮಾತು ಬಾರದ ವ್ಯಕ್ತಿ—ಇವರು ಆರೋಪಿಗಳಾದಾಗ ನ್ಯಾಯಾಧೀಶರ ಕರ್ತವ್ಯವೇನು? ಅವರ ಮನೆಯವರಾದ ನಮ್ಮ ಕರ್ತವ್ಯವೇನು? ಈ ಪಾಠದಲ್ಲಿ ಅದನ್ನು ಪರಿಶೀಲಿಸೋಣ.

ಎರಡು ಬೇರೆ ಬೇರೆ ಪ್ರಶ್ನೆಗಳು

ಮೊದಲು ಒಂದು ವ್ಯತ್ಯಾಸವನ್ನು ಮನಗಾಣಬೇಕು. ಕೃತ್ಯ ನಡೆದ ಸಮಯದಲ್ಲಿ ಆರೋಪಿಯ ಬುದ್ಧಿ ಸ್ಥಿಮಿತದಲ್ಲಿತ್ತೇ ಎಂಬುದು ಒಂದು ಪ್ರಶ್ನೆ. ಈಗ, ವಿಚಾರಣೆಯ ಸಮಯದಲ್ಲಿ, ಅವನ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದು ಅವನು ಅಪರಾಧಿಯೇ ಅಲ್ಲವೇ ಎಂಬುದಕ್ಕೆ ಸಂಬಂಧಿಸಿದೆ. ಎರಡನೆಯದು, ಅದನ್ನು ನಿರ್ಧರಿಸುವ ಕೆಲಸವನ್ನು ಇಂದು ಆರಂಭಿಸಬಹುದೇ ಎಂಬುದಕ್ಕೆ ಸಂಬಂಧಿಸಿದೆ. ಕೃತ್ಯದ ದಿನ ಆರೋಗ್ಯವಾಗಿದ್ದವನು ಸೆರೆಮನೆ ಸೇರಿದ ಮೇಲೆ ಕಾಯಿಲೆ ಬೀಳಬಹುದು. ಕೃತ್ಯದ ದಿನ ಭ್ರಮೆಯಲ್ಲಿದ್ದವನು ಚಿಕಿತ್ಸೆ ಪಡೆದು ಇಂದು ಎಲ್ಲವನ್ನೂ ಅರಿತು ಮಾತನಾಡಬಹುದು.

ನಮ್ಮ ದೇಶದ ಕಾನೂನಿನಲ್ಲೂ ಈ ಎರಡಕ್ಕೆ ಬೇರೆ ಬೇರೆ ಕಲಮುಗಳಿವೆ. ಮೊದಲನೆಯದಕ್ಕೆ ಹಿಂದೆ ಭಾರತೀಯ ದಂಡ ಸಂಹಿತೆಯ 84ನೇ ಕಲಮು ಇತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು ಇದೆ. ಎರಡನೆಯದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಕಲಮಿನಿಂದ ಆರಂಭವಾಗುವ ಪ್ರತ್ಯೇಕ ಅಧ್ಯಾಯವೇ ಇದೆ. ಜನಸಾಮಾನ್ಯರು ಇವೆರಡನ್ನೂ ಒಂದೇ ಎಂದು ಭಾವಿಸಿ 'ಹುಚ್ಚನಿಗೆ ಶಿಕ್ಷೆ ಇಲ್ಲ' ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದು ಸರಿಯಲ್ಲ.

ಲೇಖನಿ ಎತ್ತಲ್ಪಟ್ಟವರು

ಮೂವರ ಮೇಲಿಂದ ಲೇಖನಿಯನ್ನು ಎತ್ತಲಾಗಿದೆ, ಅರ್ಥಾತ್ ಅವರ ಕರ್ಮಗಳನ್ನು ಪಾಪವೆಂದು ಬರೆಯಲಾಗುವುದಿಲ್ಲ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ನಿದ್ರಿಸುವವನು ಎಚ್ಚರಗೊಳ್ಳುವ ತನಕ, ಮಗು ಪ್ರಾಯಕ್ಕೆ ಬರುವ ತನಕ, ಬುದ್ಧಿಭ್ರಮಣೆಗೆ ಒಳಗಾದವನು ಸ್ವಸ್ಥನಾಗುವ ತನಕ. ಅಬೂದಾವೂದ್, ತಿರ್ಮಿದಿ ಮುಂತಾದ ಸಂಗ್ರಹಗಳಲ್ಲಿ ಬಂದಿರುವ ಈ ಹದೀಸ್ ಮದ್ರಸದ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಇದು ಒಂದು ನ್ಯಾಯಸ್ಥಾನದಲ್ಲಿ ಒಂದು ಜೀವವನ್ನು ಉಳಿಸಿದ ಘಟನೆ ಹೆಚ್ಚು ಜನರಿಗೆ ಗೊತ್ತಿಲ್ಲ.

ಹ. ಉಮರ್(ರ)ರ ಖಿಲಾಫತ್ತಿನ ಕಾಲ. ವ್ಯಭಿಚಾರದ ಆರೋಪದ ಮೇಲೆ ಒಬ್ಬ ಸ್ತ್ರೀಯನ್ನು ಕರೆತರಲಾಯಿತು. ಉಮರ್(ರ) ಜನರೊಂದಿಗೆ ಸಮಾಲೋಚಿಸಿ ಶಿಕ್ಷೆಯ ಆಜ್ಞೆ ನೀಡಿದರು. ಆಕೆಯನ್ನು ಒಯ್ಯುತ್ತಿದ್ದಾಗ ಹ. ಅಲೀ(ರ) ದಾರಿಯಲ್ಲಿ ಎದುರಾದರು. ವಿಷಯವೇನೆಂದು ವಿಚಾರಿಸಿದಾಗ, ಈಕೆ ಇಂಥ ಗೋತ್ರದ ಬುದ್ಧಿಭ್ರಮಣೆಯ ಹೆಂಗಸು ಎಂದು ಜನರು ಹೇಳಿದರು. ಅಲೀ(ರ) ಆಕೆಯನ್ನು ಹಿಂದಕ್ಕೆ ಕರೆದೊಯ್ಯಲು ಹೇಳಿ ಸ್ವತಃ ಖಲೀಫರ ಬಳಿಗೆ ಬಂದರು ಮತ್ತು ಲೇಖನಿ ಎತ್ತಲ್ಪಟ್ಟ ಮೂವರ ಕುರಿತ ಪ್ರವಾದಿ ವಚನವನ್ನು ನೆನಪಿಸಿದರು. ಉಮರ್(ರ) ಅದನ್ನು ಒಪ್ಪಿಕೊಂಡು ಆಕೆಯನ್ನು ಬಿಡುಗಡೆ ಮಾಡಿದರು, ತಕ್ಬೀರ್ ಹೇಳತೊಡಗಿದರು.

ಅಬೂದಾವೂದ್‌ನಲ್ಲೇ ಇರುವ ಇನ್ನೊಂದು ವರದಿಯಲ್ಲಿ ಒಂದು ಸೂಕ್ಷ್ಮ ವಿಷಯವಿದೆ. ಆಕೆಯ ಬಳಿಗೆ ಬಂದ ಗಂಡಸು ಬಹುಶಃ ಆಕೆ ಕಾಯಿಲೆಯ ಸ್ಥಿತಿಯಲ್ಲಿದ್ದಾಗ ಬಂದಿರಬಹುದು ಎಂದು ಅಲೀ(ರ) ಹೇಳಿದರು. ತನಗದು ತಿಳಿಯದು ಎಂದರು ಉಮರ್(ರ). ತನಗೂ ತಿಳಿಯದು ಎಂದು ಅಲೀ(ರ) ಉತ್ತರಿಸಿದರು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಮನಸ್ಸಿನ ಕಾಯಿಲೆ ಒಮ್ಮೆ ಬಂದು ಒಮ್ಮೆ ಹೋಗುವಂಥದ್ದು. ಯಾವ ಗಳಿಗೆಯಲ್ಲಿ ಅದು ಇತ್ತು, ಯಾವ ಗಳಿಗೆಯಲ್ಲಿ ಇರಲಿಲ್ಲ ಎಂಬುದು ತಿಳಿಯದಿದ್ದಾಗ ಆ ಸಂಶಯದ ಲಾಭ ಆರೋಪಿಗೆ ಸೇರುತ್ತದೆ. ಇಬ್ಬರು ಮಹಾನ್ ಸಹಾಬಿಗಳು 'ನನಗೆ ತಿಳಿಯದು' ಎಂದು ಹೇಳಲು ಸಂಕೋಚಪಡಲಿಲ್ಲ. ಆ ಮಾತೇ ಒಂದು ಜೀವವನ್ನು ಉಳಿಸಿತು.

ಇನ್ನೂ ಒಂದು ಅಂಶ. ಆಕೆ ಅಸ್ವಸ್ಥಳೆಂಬುದು ಒಯ್ಯುತ್ತಿದ್ದ ಜನರಿಗೆ ಮೊದಲೇ ಗೊತ್ತಿತ್ತು. ಅಲೀ(ರ) ಕೇಳಿದಾಗ ಮಾತ್ರ ಅವರು ಅದನ್ನು ಹೇಳಿದರು.

ಮಾಇಝ್(ರ)ರ ಘಟನೆಯ ಪಾಠ

ಇದಕ್ಕಿಂತಲೂ ಮುಂಚಿನದು ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ನಡೆದ ಮಾಇಝ್ ಬಿನ್ ಮಾಲಿಕ್(ರ)ರ ಪ್ರಸಂಗ. ಬುಖಾರಿ, ಮುಸ್ಲಿಮ್ ಮೊದಲಾದ ಎಲ್ಲ ಪ್ರಮುಖ ಸಂಗ್ರಹಗಳಲ್ಲಿ ಇದು ಬಂದಿದೆ. ಅವರು ತಾವಾಗಿಯೇ ಬಂದು ತಮ್ಮ ಪಾಪವನ್ನು ಒಪ್ಪಿಕೊಂಡರು. ಪ್ರವಾದಿವರ್ಯರು(ಸ) ಮುಖ ತಿರುಗಿಸಿದರು. ಅವರು ಮತ್ತೆ ಬಂದರು. ಹೀಗೆ ನಾಲ್ಕು ಬಾರಿ ನಡೆಯಿತು. ಆಗಲೂ ತಕ್ಷಣ ಶಿಕ್ಷೆಯ ಆಜ್ಞೆಯಾಗಲಿಲ್ಲ. ಅವರ ಮನಸ್ಸಿನ ಸ್ಥಿತಿಯ ಪರೀಕ್ಷೆಯಾಯಿತು.

ಆ ಪರೀಕ್ಷೆ ಮೂರು ವಿಧದಲ್ಲಿ ನಡೆಯಿತೆಂದು ವಿವಿಧ ವರದಿಗಳಿಂದ ತಿಳಿಯುತ್ತದೆ. ಮೊದಲನೆಯದಾಗಿ, ಬುದ್ಧಿಭ್ರಮಣೆ ಇದೆಯೇ ಎಂದು ಅವರನ್ನೇ ಕೇಳಲಾಯಿತು. ಅವರು ಇಲ್ಲವೆಂದರು. ಎರಡನೆಯದಾಗಿ, ಅವರ ಜನರ ಬಳಿಗೆ ಆಳನ್ನು ಕಳುಹಿಸಿ, ಅವರ ಬುದ್ಧಿಯಲ್ಲಿ ಏನಾದರೂ ಕೊರತೆಯನ್ನು ಕಂಡಿದ್ದೀರಾ ಎಂದು ವಿಚಾರಿಸಲಾಯಿತು. ಅವರು ಪೂರ್ಣ ಬುದ್ಧಿಯುಳ್ಳವರು, ತಮ್ಮೊಳಗಿನ ಸಜ್ಜನರಲ್ಲೊಬ್ಬರು ಎಂದು ಜನರು ಉತ್ತರಿಸಿದರು. ಮೂರನೆಯದಾಗಿ, ಮದ್ಯ ಸೇವಿಸಿರಬಹುದೇ ಎಂಬ ಸಂಶಯ ನಿವಾರಣೆಗಾಗಿ ಒಬ್ಬರು ಎದ್ದು ಅವರ ಬಾಯಿಯ ವಾಸನೆಯನ್ನು ಪರೀಕ್ಷಿಸಿದರು.

ಇಂದಿನ ಮನೋವೈದ್ಯರು ಆರೋಪಿಯನ್ನು ಪರೀಕ್ಷಿಸುವಾಗ ಅನುಸರಿಸುವುದೂ ಇದೇ ಮೂರು ಮೆಟ್ಟಿಲುಗಳನ್ನು. ವ್ಯಕ್ತಿಯೊಂದಿಗೆ ಮಾತುಕತೆ, ಮನೆಯವರಿಂದ ಮಾಹಿತಿ ಸಂಗ್ರಹ, ದೇಹದ ಹಾಗೂ ವರ್ತನೆಯ ಪರೀಕ್ಷೆ. ಇವುಗಳಲ್ಲಿ ಎರಡನೆಯದರ ಮಹತ್ವವನ್ನು ನಾವು ವಿಶೇಷವಾಗಿ ಅರಿಯಬೇಕು. ಕೇವಲ ವ್ಯಕ್ತಿಯ ಮಾತನ್ನು ನಂಬಿ ಬಿಡಲಿಲ್ಲ. ತೀವ್ರ ಮನೋರೋಗದಲ್ಲಿ 'ನನಗೇನೂ ಆಗಿಲ್ಲ' ಎಂದು ಹೇಳುವುದೇ ರೋಗದ ಒಂದು ಲಕ್ಷಣವಾಗಿರುವುದುಂಟು. ಹಾಗಾಗಿ ಅವನೊಂದಿಗೆ ಉಂಡವರು, ಮಲಗಿದವರು, ಅವನ ಹಗಲು ರಾತ್ರಿಗಳನ್ನು ಕಂಡವರು ಹೇಳಬೇಕು. ಅಂದು ಅವರ ಜನರನ್ನು ಕೇಳಲಾಯಿತು, ಜನರು ಸತ್ಯವನ್ನು ಹೇಳಿದರು. ಇಂದು ನಮ್ಮನ್ನು ಕೇಳಿದರೆ ನಾವು ಏನು ಹೇಳುತ್ತೇವೆ?

ಮಾತು ಬಾರದವನ ಹಕ್ಕು

ಬುದ್ಧಿ ಇದ್ದರೂ ಅದನ್ನು ಹೊರಗೆಡಹುವ ಶಕ್ತಿ ಎಲ್ಲರಿಗೂ ಸಮಾನವಾಗಿಲ್ಲ. ಪ್ರವಾದಿ ಮೂಸಾ(ಅ)ರನ್ನು ಫಿರ್‌ಔನನ ಆಸ್ಥಾನಕ್ಕೆ ಹೋಗಲು ಅಲ್ಲಾಹನು ಆಜ್ಞಾಪಿಸಿದಾಗ ಅವರು ಏನು ಬೇಡಿಕೊಂಡರೆಂಬುದನ್ನು ನೋಡಿರಿ. ತನ್ನ ಎದೆ ಕುಗ್ಗುತ್ತದೆ, ನಾಲಗೆ ಸರಾಗವಾಗಿ ಓಡುವುದಿಲ್ಲ, ಆ ಜನರಿಗೆ ತನ್ನ ಮೇಲೆ ಒಂದು ಅಪರಾಧದ ಆರೋಪವಿದೆ, ಕೊಂದುಬಿಟ್ಟಾರೆಂಬ ಭಯವಿದೆ, ಆದುದರಿಂದ ಹಾರೂನರನ್ನೂ ಜೊತೆಗೆ ಕಳುಹಿಸು ಎಂದು ಅವರು ಪ್ರಾರ್ಥಿಸಿದರು (26:13-14). ಹಾರೂನ್(ಅ) ತನಗಿಂತ ಹೆಚ್ಚು ವಾಕ್ಪಟುವೆಂದೂ, ತನ್ನನ್ನು ಸಮರ್ಥಿಸುವ ಸಹಾಯಕರಾಗಿ ಬೇಕೆಂದೂ ಕೇಳಿಕೊಂಡರು (28:34). ಅಲ್ಲಾಹನು ಆ ಬೇಡಿಕೆಯನ್ನು ತಿರಸ್ಕರಿಸಲಿಲ್ಲ; ಈಡೇರಿಸಿದನು (20:36). ಅಧಿಕಾರದ ಮುಂದೆ ನಿಲ್ಲುವ ದುರ್ಬಲನಿಗೆ ಅವನ ಮಾತನ್ನು ಆಡುವ ಒಬ್ಬ ಸಂಗಾತಿ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಾಗಿಲ್ಲ.

ಸಾಲದ ಕರಾರಿನ ಕುರಿತ ದೀರ್ಘ ಸೂಕ್ತದಲ್ಲೂ ಇದೇ ತತ್ವವಿದೆ. ಸಾಲ ಪಡೆಯುವವನು ಬುದ್ಧಿ ಕಡಿಮೆಯವನೋ ದುರ್ಬಲನೋ ಬರೆಯಿಸಲು ಅಶಕ್ತನೋ ಆಗಿದ್ದರೆ ಅವನ ಪೋಷಕನು ನ್ಯಾಯಯುತವಾಗಿ ಬರೆಯಿಸಬೇಕು ಎಂದು ಅಲ್ಲಾಹನು ಆದೇಶಿಸಿದ್ದಾನೆ (2:282). ಕೆಲವು ದಿರ್ಹಮ್‌ಗಳ ಸಾಲಕ್ಕೇ ಇಷ್ಟು ಮುಂಜಾಗ್ರತೆಯಿದ್ದರೆ, ಒಬ್ಬನ ಸ್ವಾತಂತ್ರ್ಯ ಮತ್ತು ಮಾನದ ಪ್ರಶ್ನೆಯಲ್ಲಿ ಎಷ್ಟಿರಬೇಕು!

ನ್ಯಾಯಾಧೀಶರಾಗುವವರಿಗೆ ಪ್ರವಾದಿವರ್ಯರು(ಸ) ನೀಡಿದ ಎರಡು ಎಚ್ಚರಿಕೆಗಳೂ ಇಲ್ಲಿ ಸ್ಮರಣೀಯ. ಹ. ಅಲೀ(ರ)ರನ್ನು ಯಮನ್‌ಗೆ ಕಳುಹಿಸುವಾಗ, ಒಬ್ಬನ ಮಾತು ಕೇಳಿದಂತೆಯೇ ಇನ್ನೊಬ್ಬನ ಮಾತನ್ನೂ ಕೇಳುವ ತನಕ ತೀರ್ಪು ನೀಡಬಾರದೆಂದು ಉಪದೇಶಿಸಿದರು. ಇನ್ನೊಂದು ಸಂದರ್ಭದಲ್ಲಿ, ತಾನೂ ಒಬ್ಬ ಮನುಷ್ಯನೆಂದೂ, ವಾದಿಗಳಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಹೆಚ್ಚು ವಾಕ್ಚಾತುರ್ಯ ಉಳ್ಳವನಾಗಿದ್ದು ತಾನು ಕೇಳಿದ್ದಕ್ಕೆ ತಕ್ಕಂತೆ ತೀರ್ಪು ನೀಡಬಹುದೆಂದೂ, ಹಾಗೆ ಅನ್ಯಾಯವಾಗಿ ಸಿಕ್ಕಿದ್ದು ನರಕಾಗ್ನಿಯ ತುಂಡೆಂದೂ ಎಚ್ಚರಿಸಿದರು (ಬುಖಾರಿ, ಮುಸ್ಲಿಮ್). ಮಾತುಗಾರನ ಎದುರು ಮಾತು ಬಾರದವನು ಸೋಲುವ ಅಪಾಯ ಎಷ್ಟು ದೊಡ್ಡದೆಂದು ಇದರಿಂದ ಸ್ಪಷ್ಟವಾಗುತ್ತದೆ.

ಧರ್ಮಶಾಸ್ತ್ರ ಪಂಡಿತರ ಚರ್ಚೆ

ನಮ್ಮ ಪೂರ್ವಿಕ ಫಿಕ್ಹ್ ಪಂಡಿತರು ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಕೃತ್ಯ ನಡೆದಾಗ ಬುದ್ಧಿ ಸರಿಯಾಗಿದ್ದು, ತೀರ್ಪಿಗೆ ಮುನ್ನ ಬುದ್ಧಿಭ್ರಮಣೆಯಾದರೆ ಏನು ಮಾಡಬೇಕು? ಹನಫೀ ಮತ್ತು ಮಾಲಿಕೀ ಪಂಡಿತರ ಪ್ರಕಾರ ಸ್ವಸ್ಥನಾಗುವ ತನಕ ವಿಚಾರಣೆಯನ್ನು ತಡೆಹಿಡಿಯಬೇಕು. ಹೊಣೆಗಾರಿಕೆಗೆ ಬುದ್ಧಿ ಕೃತ್ಯದ ಸಮಯದಲ್ಲಿದ್ದರೆ ಸಾಕು, ಆದುದರಿಂದ ವಿಚಾರಣೆ ನಿಲ್ಲಬೇಕಿಲ್ಲ ಎಂಬುದು ಶಾಫಿಈ ಮತ್ತು ಹಂಬಲೀ ಪಂಡಿತರ ನಿಲುವು. ಈಜಿಪ್ಟಿನ ನ್ಯಾಯಾಧೀಶರಾಗಿದ್ದ ಅಬ್ದುಲ್ ಕಾದಿರ್ ಔದಾ ಇಸ್ಲಾಮೀ ಅಪರಾಧ ಕಾನೂನಿನ ಕುರಿತ ತಮ್ಮ ಗ್ರಂಥದಲ್ಲಿ ಈ ಎರಡೂ ಅಭಿಪ್ರಾಯಗಳನ್ನು ಇಂದಿನ ಕಾನೂನುಗಳೊಂದಿಗೆ ಹೋಲಿಸಿದ್ದಾರೆ.

ಹಾಗೆಂದು ಎರಡನೆಯ ಗುಂಪಿನವರು ಅಸ್ವಸ್ಥನ ಹಕ್ಕನ್ನು ಕಡೆಗಣಿಸಿದರೆಂದು ಭಾವಿಸಬಾರದು. ಕೇವಲ ತಪ್ಪೊಪ್ಪಿಗೆಯಿಂದ ಸಾಬೀತಾದ ಹದ್ದ್ ಶಿಕ್ಷೆಯನ್ನು ಅಪರಾಧಿ ಬುದ್ಧಿ ಕಳಕೊಂಡ ಸ್ಥಿತಿಯಲ್ಲಿ ಜಾರಿಗೊಳಿಸಬಾರದು ಎಂದು ಅವರೂ ಹೇಳಿದರು. ಕಾರಣವೇನೆಂದರೆ, ಅಂಥ ತಪ್ಪೊಪ್ಪಿಗೆಯನ್ನು ಹಿಂದೆಗೆದುಕೊಳ್ಳುವ ಹಕ್ಕು ಅವನಿಗಿದೆ. ಹಿಂದೆಗೆದುಕೊಳ್ಳಬೇಕಾದರೆ ಬುದ್ಧಿ ಇರಬೇಕು.

ಮೂಕರ ಕುರಿತು ಹನಫೀ ಗ್ರಂಥಗಳು ಇನ್ನೂ ಮುಂದೆ ಹೋಗಿವೆ. ಮೂಕನ ಸಂಜ್ಞೆಯ ಒಪ್ಪಿಗೆಯ ಮೇಲೆ ಹದ್ದ್ ಇಲ್ಲ. ಸಾಕ್ಷಿಗಳಿದ್ದರೂ ಅವನ ಮೇಲೆ ವ್ಯಭಿಚಾರದ ಹದ್ದ್ ಜಾರಿಯಾಗುವುದಿಲ್ಲ. ಏಕೆಂದರೆ ಅವನಿಗೆ ಮಾತು ಬರುತ್ತಿದ್ದರೆ ಸಂಶಯ ಹುಟ್ಟಿಸುವ ಏನನ್ನಾದರೂ ಹೇಳುತ್ತಿದ್ದನೋ ಏನೋ! ಆಡದೆ ಉಳಿದ ಆ ಮಾತಿಗೂ ಪಂಡಿತರು ಬೆಲೆ ಕೊಟ್ಟರು. ಇಂಗ್ಲೆಂಡಿನಲ್ಲಿ 1836ರಲ್ಲಿ ಪ್ರಿಚರ್ಡ್ ಎಂಬ ಕಿವುಡ ಮೂಕ ಆರೋಪಿಯ ಮೊಕದ್ದಮೆ ನಡೆಯಿತು. ಅವನು ಬೇಕೆಂದೇ ಮೌನವಾಗಿದ್ದಾನೆಯೇ, ಆರೋಪಕ್ಕೆ ಉತ್ತರಿಸಬಲ್ಲನೇ, ವಿಚಾರಣೆಯನ್ನು ಅರಿತು ತಕ್ಕ ಪ್ರತಿವಾದ ಹೂಡುವಷ್ಟು ಬುದ್ಧಿ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಅಲ್ಲಿ ಜ್ಯೂರಿಯ ಮುಂದಿಡಲಾಯಿತು. ಇಂಗ್ಲಿಷ್ ಕಾನೂನಿನಲ್ಲಿ ಇದು ಇಂದಿಗೂ ಆಧಾರಸ್ತಂಭ. ಅದಕ್ಕಿಂತ ಹಲವು ಶತಮಾನಗಳ ಮೊದಲೇ ನಮ್ಮ ಪಂಡಿತರು ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು.

ನಾವು ಭಾರತದಲ್ಲಿ ಈ ದೇಶದ ಅಪರಾಧ ಕಾನೂನಿನಡಿ ಬದುಕುವವರು. ಹದ್ದ್ ಶಿಕ್ಷೆಗಳ ಚರ್ಚೆ ನಮಗೆ ಇಲ್ಲಿ ತತ್ವವನ್ನು ತಿಳಿಯುವುದಕ್ಕಾಗಿ ಮಾತ್ರ. ಆ ತತ್ವ ಈ ದೇಶದ ಕಾನೂನಿನಲ್ಲಿ ಯಾವ ರೂಪದಲ್ಲಿದೆ ಎಂಬುದನ್ನು ಈಗ ನೋಡೋಣ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

ಆರೋಪಿಯು ಮನಸ್ಸಿನ ಅಸ್ವಸ್ಥತೆಯಿಂದಾಗಿ ತನ್ನ ಪ್ರತಿವಾದ ನಡೆಸಲು ಅಶಕ್ತನಾಗಿದ್ದಾನೆಂದು ನ್ಯಾಯಾಲಯಕ್ಕೆ ಕಂಡುಬಂದರೆ, ಮೊದಲು ಆ ವಿಷಯವನ್ನೇ ವಿಚಾರಿಸಬೇಕು. ಮೊಕದ್ದಮೆಯ ಉಳಿದ ಭಾಗ ಅನಂತರ. ಹಿಂದಿನ ಮೈಸೂರು ರಾಜ್ಯದಿಂದ ಹೋದ ಐ.ವಿ. ಶಿವಸ್ವಾಮಿ ಮೊಕದ್ದಮೆಯಲ್ಲಿ 1971ರಲ್ಲಿ ಸುಪ್ರೀಮ್ ಕೋರ್ಟು ಇದರ ಮಿತಿಯನ್ನು ವಿವರಿಸಿತು. ವಕೀಲರು ಹೇಳಿದಾಗಲೆಲ್ಲ ವೈದ್ಯರನ್ನು ಕರೆಸಿ ತನಿಖೆ ನಡೆಸಲೇಬೇಕೆಂದಿಲ್ಲ. ಆರೋಪಿಯನ್ನು ನೋಡಿ ಮಾತನಾಡಿಸಿದಾಗ ಅಸ್ವಸ್ಥನೆಂದು ಕಾಣದಿದ್ದರೆ ಮುಂದುವರಿಯಬಹುದು. ಆದರೆ ಗಂಭೀರ ಸಂಶಯವಿದ್ದರೆ ಸರಿಯಾದ ತನಿಖೆ ಆಗಲೇಬೇಕು. ಅಂದರೆ ನ್ಯಾಯಾಧೀಶರ ಮನಸ್ಸಿನಲ್ಲಿ ಆ ಸಂಶಯ ಮೂಡಲು ಬೇಕಾದ ಮಾಹಿತಿ ಅವರಿಗೆ ತಲಪಬೇಕು. ಅದನ್ನು ತಲಪಿಸುವವರು ಮನೆಯವರು ಮತ್ತು ವಕೀಲರು.

ಇಂದಿನ ಕಾನೂನಿನಂತೆ ನ್ಯಾಯಾಲಯವು ಆರೋಪಿಯನ್ನು ಮನೋವೈದ್ಯರ ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಬಳಿಗೆ ಕಳುಹಿಸುತ್ತದೆ. ಅವರ ವರದಿ ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ವೈದ್ಯರು ಸಾಮಾನ್ಯವಾಗಿ ಪರಿಶೀಲಿಸುವುದು ಇವನ್ನು: ತನ್ನ ಮೇಲೆ ಏನು ಆರೋಪವಿದೆಯೆಂದು ಅವನಿಗೆ ಗೊತ್ತೇ? ನ್ಯಾಯಾಧೀಶರು ಯಾರು, ತನ್ನ ವಕೀಲರು ಯಾರು, ಎದುರು ವಕೀಲರು ಯಾರು ಎಂಬುದು ತಿಳಿದಿದೆಯೇ? ಅಪರಾಧ ಸಾಬೀತಾದರೆ ಏನಾಗುತ್ತದೆಂಬ ಅರಿವಿದೆಯೇ? ನಡೆದದ್ದನ್ನು ತನ್ನ ವಕೀಲರಿಗೆ ಹೇಳಬಲ್ಲನೇ? ಸಾಕ್ಷಿಯು ಸುಳ್ಳು ಹೇಳಿದರೆ ಅದನ್ನು ಗುರುತಿಸಿ ತಿಳಿಸಬಲ್ಲನೇ? ಕಲಾಪ ನಡೆಯುವಷ್ಟು ಹೊತ್ತು ಶಾಂತವಾಗಿ ಕುಳಿತಿರಬಲ್ಲನೇ? ಅಕ್ಷರಜ್ಞಾನವಿಲ್ಲದಿರುವುದು, ಕಾನೂನಿನ ಪರಿಚಯವಿಲ್ಲದಿರುವುದು, ನ್ಯಾಯಾಲಯವನ್ನು ಕಂಡು ಹೆದರುವುದು ಇವು ಮಾತ್ರ ಅಸಮರ್ಥತೆಯಲ್ಲ. ರೋಗದ ಹೆಸರೊಂದರಿಂದಲೇ ಯಾರೂ ಅಸಮರ್ಥರಾಗುವುದೂ ಇಲ್ಲ. ವೈದ್ಯರು ಅಭಿಪ್ರಾಯ ನೀಡುತ್ತಾರೆ, ನಿರ್ಧಾರ ನ್ಯಾಯಾಲಯದ್ದು.

ಅಸಮರ್ಥನೆಂದು ಸಾಬೀತಾದರೆ ನ್ಯಾಯಾಲಯವು ದಾಖಲೆಗಳನ್ನು ನೋಡಿ ವಕೀಲರ ವಾದ ಕೇಳುತ್ತದೆ, ಆರೋಪಿಯನ್ನು ಪ್ರಶ್ನಿಸುವುದಿಲ್ಲ. ಮೇಲ್ನೋಟಕ್ಕೇ ಪ್ರಕರಣವಿಲ್ಲವೆಂದು ಕಂಡರೆ ಬಿಡುಗಡೆ ಮಾಡುತ್ತದೆ. ಪ್ರಕರಣವಿದ್ದರೆ ಚಿಕಿತ್ಸೆಗೆ ಬೇಕಾದಷ್ಟು ಕಾಲ ವಿಚಾರಣೆಯನ್ನು ಮುಂದೂಡುತ್ತದೆ. ಆ ಅವಧಿಯಲ್ಲಿ ಅವನಿಗೆ ಜಾಮೀನು ನೀಡುವ ಅವಕಾಶ 369ನೇ ಕಲಮಿನಲ್ಲಿದೆ. ಆಸ್ಪತ್ರೆಯಲ್ಲೇ ಇರಿಸಬೇಕಾದ ಕಾಯಿಲೆ ಅದಾಗಿರಬಾರದು, ಮತ್ತು ಒಬ್ಬ ಸ್ನೇಹಿತ ಅಥವಾ ಬಂಧು ಮುಂದೆ ಬಂದು ನಿಯಮಿತವಾಗಿ ಚಿಕಿತ್ಸೆ ಕೊಡಿಸುತ್ತೇನೆ, ಅವನಿಂದ ಅವನಿಗಾಗಲಿ ಇತರರಿಗಾಗಲಿ ಹಾನಿಯಾಗದಂತೆ ನೋಡಿಕೊಳ್ಳುತ್ತೇನೆ ಎಂದು ಹೊಣೆ ಹೊರಬೇಕು. ಮೂಸಾ(ಅ)ರಿಗೆ ಹಾರೂನ್(ಅ) ಇದ್ದಂತೆ ಇವನಿಗೂ ಒಬ್ಬರು ಬೇಕು ಎಂದು ಕಾನೂನೂ ಹೇಳುತ್ತಿದೆ.

ಅಸ್ವಸ್ಥನಲ್ಲದಿದ್ದರೂ ಕಲಾಪವನ್ನು ಅರ್ಥಮಾಡಿಸಲು ಆಗದ ಆರೋಪಿಗಾಗಿ, ಉದಾಹರಣೆಗೆ ಸಂಜ್ಞಾಭಾಷೆಯನ್ನೂ ಕಲಿಯದ ಕಿವುಡ ಮೂಕನಿಗಾಗಿ, 357ನೇ ಕಲಮು ಇದೆ. ವಿಚಾರಣೆ ನಡೆದು ಅಪರಾಧ ಸಾಬೀತಾದರೆ ಶಿಕ್ಷೆಯ ವಿಷಯವನ್ನು ಹೈಕೋರ್ಟಿಗೆ ಕಳುಹಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ನ್ಯಾಯಾಲಯವನ್ನು ತಾರತಮ್ಯವಿಲ್ಲದೆ ತಲಪುವ ಹಕ್ಕನ್ನು ಅವರಿಗೆ ಕೊಟ್ಟಿದೆ.

ಮರೆತುಹೋದ ಕೈದಿಗಳು

ಕಾನೂನು ಚೆನ್ನಾಗಿದ್ದರೂ ಹೊರಗೆ ಕೇಳುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿ ಹೃದಯ ಕಲಕುವ ಉದಾಹರಣೆಗಳಿವೆ. ಅಸ್ಸಾಮಿನ ಮಚಂಗ್ ಲಾಲುಂಗ್ ಎಂಬವರನ್ನು 1951ರಲ್ಲಿ ಬಂಧಿಸಲಾಯಿತು. ಮನೋರೋಗವೆಂದು ಆಸ್ಪತ್ರೆಗೆ ಸೇರಿಸಲಾಯಿತು. 1967ರಲ್ಲಿ ವೈದ್ಯರು ಅವರನ್ನು ಸ್ವಸ್ಥರೆಂದು ಘೋಷಿಸಿದರು. ಆದರೆ ವಿಚಾರಣೆಯೂ ನಡೆಯಲಿಲ್ಲ, ಬಿಡುಗಡೆಯೂ ಆಗಲಿಲ್ಲ. ಮತ್ತೆ ಸೆರೆಮನೆಗೆ ಕಳುಹಿಸಲಾಯಿತು. ಅವರು ಹೊರಬಂದದ್ದು 2005ರಲ್ಲಿ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ. ಐವತ್ತನಾಲ್ಕು ವರ್ಷಗಳು! ತರುಣನಾಗಿ ಹೋದವರು ಮುದುಕರಾಗಿ ಮರಳಿದರು. ಎರಡು ವರ್ಷಗಳ ಬಳಿಕ ತೀರಿಕೊಂಡರು.

ಅಂದು ಬಿಹಾರಕ್ಕೆ ಸೇರಿದ್ದ ಹಜಾರಿಬಾಗ್ ಸೆರೆಮನೆಯಲ್ಲೂ ಬುದ್ಧಿಭ್ರಮಣೆಯ ಹೆಸರಲ್ಲಿ ಎರಡು ಮೂರು ದಶಕ ಕೊಳೆತವರಿದ್ದರು. ಕೆಲವರು ಗುಣಮುಖರಾದ ಮೇಲೂ ಅಲ್ಲೇ ಉಳಿದಿದ್ದರು. 1982ರಲ್ಲಿ ವೀಣಾ ಸೇಠಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಮಧ್ಯಪ್ರವೇಶಿಸಬೇಕಾಯಿತು.

ನಮ್ಮ ರಾಜ್ಯದ ಸ್ಥಿತಿಯನ್ನೂ ನೋಡೋಣ. ನಿಮ್ಹಾನ್ಸ್ ವೈದ್ಯರು ಬೆಂಗಳೂರು ಕೇಂದ್ರ ಕಾರಾಗೃಹದ 5,024 ಬಂಧಿತರನ್ನು ಸಂದರ್ಶಿಸಿ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮದ್ಯ ಹಾಗೂ ಮಾದಕ ವಸ್ತುಗಳ ಸಮಸ್ಯೆಯನ್ನು ಹೊರತುಪಡಿಸಿದರೂ ಶೇ. 27.6 ಮಂದಿಯಲ್ಲಿ ಗುರುತಿಸಬಹುದಾದ ಮಾನಸಿಕ ಕಾಯಿಲೆ ಇತ್ತು. ಇವರೆಲ್ಲ ವಿಚಾರಣೆಗೆ ಅಸಮರ್ಥರೆಂದು ಇದರ ಅರ್ಥವಲ್ಲ. ಆದರೆ ಪರೀಕ್ಷೆಯ ಅಗತ್ಯವಿರುವವರು ಎಷ್ಟು ಸುಲಭವಾಗಿ ಗುಂಪಿನಲ್ಲಿ ಮರೆಯಾಗಬಹುದು ಎಂಬುದು ತಿಳಿಯುತ್ತದೆ.

ಕುಟುಂಬದ ಹೊಣೆ

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ನಮ್ಮ ಮೋಟೆಬೆನ್ನೂರಿನಂಥ ಹೆದ್ದಾರಿ ಬದಿಯ ಊರಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಹುಡುಗನಿಗೆ ಇಪ್ಪತ್ತೆರಡು ವರ್ಷ. ಎರಡು ವರ್ಷಗಳಿಂದ ಒಬ್ಬನೇ ಮಾತನಾಡುತ್ತಾನೆ, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎನ್ನುತ್ತಾನೆ, ರಾತ್ರಿ ಮಲಗುವುದಿಲ್ಲ. ತಂಗಿಯ ಮದುವೆಯ ಮಾತು ನಡೆದಿರುವುದರಿಂದ ಮನೆಯವರು ವಿಷಯವನ್ನು ಮುಚ್ಚಿಟ್ಟಿದ್ದಾರೆ. ತಾಯಿತ ಕಟ್ಟಿಸಿದ್ದಾರೆ, ಧಾರವಾಡದ ಆಸ್ಪತ್ರೆಗೆ ಕರೆದೊಯ್ದಿಲ್ಲ. ಒಂದು ದಿನ ಅವನು ರಸ್ತೆಯಲ್ಲಿ ನಿಂತಿದ್ದ ಲಾರಿಯ ಗಾಜು ಒಡೆದು ಚಾಲಕನ ಮೇಲೆ ಕೈಮಾಡುತ್ತಾನೆ. ಪೊಲೀಸರು ಬರುತ್ತಾರೆ, ಪ್ರಕರಣ ದಾಖಲಾಗುತ್ತದೆ. ಮನೆಯವರು ಆಗಲೂ ಕಾಯಿಲೆಯ ಸುದ್ದಿ ಎತ್ತುವುದಿಲ್ಲ. 'ಕೇಳಿದ್ದಕ್ಕೆಲ್ಲ ಹೂಂ ಅಂದುಬಿಡು, ದಂಡ ಕಟ್ಟಿ ಮನೀಗೆ ಹೋಗೂಣು' ಎಂದು ಹೇಳಿಕೊಡುತ್ತಾರೆ. ಹುಡುಗನು ಏನೆಂದು ತಿಳಿಯದೆ ಹೂಂ ಎನ್ನುತ್ತಾನೆ.

ಇದು ಕೇವಲ ಕಲ್ಪನೆ. ಆದರೆ ಇದರಲ್ಲಿ ನಡೆಯದಂಥದ್ದು ಯಾವುದಿದೆ? 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ಬೆಲೆ ಕುಸಿದಾಗ ಪಕ್ಕದ ಬ್ಯಾಡಗಿ ಮಾರುಕಟ್ಟೆಯಲ್ಲಿ ಗಲಭೆಯಾಗಿ ಹಲವರ ಬಂಧನವಾದುದನ್ನು ನಾವು ಕಂಡಿದ್ದೇವೆ. ನ್ಯಾಯಾಲಯದ ಮೆಟ್ಟಿಲು ಯಾರ ಮನೆಗೂ ದೂರವಲ್ಲ.

ಮಾಇಝ್(ರ)ರ ಜನರನ್ನು ಕೇಳಿದಂತೆ ಈ ಹುಡುಗನ ಜನರನ್ನೂ ಒಂದಲ್ಲ ಒಂದು ದಿನ ಕೇಳಲಾಗುತ್ತದೆ. ಲಜ್ಜೆಗಾಗಿ ಮುಚ್ಚಿಟ್ಟರೆ ಅದು ಸಾಕ್ಷ್ಯವನ್ನು ಬಚ್ಚಿಟ್ಟಂತೆ. ಸಾಕ್ಷ್ಯ ಬಚ್ಚಿಡುವವನ ಹೃದಯ ಪಾಪಗ್ರಸ್ತವಾಗಿದೆ ಎಂದು ಕುರ್‌ಆನ್ ಎಚ್ಚರಿಸಿದೆ (2:283). ಪ್ರಾರ್ಥನೆ, ಕುರ್‌ಆನ್ ಪಾರಾಯಣ ಖಂಡಿತ ಇರಲಿ. ಆದರೆ ಚಿಕಿತ್ಸೆ ಪಡೆಯಿರಿ, ಅಲ್ಲಾಹನು ಪ್ರತಿಯೊಂದು ರೋಗಕ್ಕೂ ಮದ್ದನ್ನಿರಿಸಿದ್ದಾನೆ ಎಂದು ಕಲಿಸಿದವರೂ ಪ್ರವಾದಿವರ್ಯರೇ(ಸ). 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿಯಲ್ಲಿ ಬಿಗಿದಿರಿಸಿದ್ದ ಮನೋರೋಗಿಗಳು ಬೆಂಕಿ ಬಿದ್ದಾಗ ಓಡಲಾಗದೆ ಸುಟ್ಟುಹೋದರು. ಆ ದುರಂತ ನಮ್ಮ ಸಮುದಾಯಕ್ಕೆ ಒಂದು ಪಾಠವಾಗಬೇಕಿತ್ತು.

ಹಾಗಾದರೆ ಮನೆಯವರು ಮಾಡಬೇಕಾದುದೇನು?

1. ಕಾಯಿಲೆಯ ಲಕ್ಷಣ ಕಂಡ ಕೂಡಲೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯನ್ನೋ ಕಾಣಿರಿ. ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯ ಸಂಖ್ಯೆ 14416. ಚೀಟಿಗಳನ್ನು, ಔಷಧದ ರಶೀದಿಗಳನ್ನು ಎಸೆಯಬೇಡಿರಿ. ಮುಂದೆ ಅವೇ ಸಾಕ್ಷ್ಯವಾಗುತ್ತವೆ.

2. ಬಂಧನವಾದರೆ ಮೊದಲ ದಿನವೇ ವಕೀಲರಿಗೆ, ಅವರ ಮೂಲಕ ಮ್ಯಾಜಿಸ್ಟ್ರೇಟರಿಗೆ ಕಾಯಿಲೆಯ ವಿಷಯವನ್ನು ದಾಖಲೆ ಸಹಿತ ತಿಳಿಸಿರಿ.

3. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಡಿರಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಬಂಧನದಲ್ಲಿರುವವರಿಗೂ ವಿಕಲಚೇತನರಿಗೂ ಉಚಿತ ವಕೀಲರ ನೆರವಿದೆ. ತಾಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯನ್ನು ಕಾಣಿರಿ; ಸಹಾಯವಾಣಿ 15100.

4. ಅರ್ಥವಾಗದವನಿಂದ ತಪ್ಪೊಪ್ಪಿಗೆ ಕೊಡಿಸಬೇಡಿರಿ. ದಂಡ ಸಣ್ಣದಿರಬಹುದು, ಅಪರಾಧಿ ಎಂಬ ದಾಖಲೆ ಉಳಿಯುತ್ತದೆ.

5. ಸೆರೆಮನೆಯಲ್ಲಿದ್ದರೆ ಔಷಧ ತಪ್ಪದಂತೆ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿರಿ. ಭೇಟಿಯನ್ನು ಬಿಡಬೇಡಿರಿ. ವಿಚಾರಣೆ ಮುಂದೂಡಲ್ಪಟ್ಟರೆ ಮುಂದಿನ ತಾರೀಕು ಯಾವುದೆಂದು ಕೇಳುತ್ತಿರಿ. ಕೇಳುವವರಿಲ್ಲದವನೇ ಮರೆತುಹೋಗುತ್ತಾನೆ.

ಮಸೀದಿಯ ಜಮಾಅತ್‌ಗೂ ಇಲ್ಲಿ ಪಾತ್ರವಿದೆ. ಹೊಣೆ ಹೊರುವ ಬಂಧು ಇಲ್ಲದವನಿಗೆ ಕಾನೂನು 'ಸ್ನೇಹಿತ' ಎಂದಿದೆ. ಆ ಸ್ನೇಹಿತರಾಗಲು ಊರಿನ ಇಬ್ಬರು ಹಿರಿಯರು ಮುಂದೆ ಬರಬಾರದೇ?

ನಟನೆ ಮಹಾಪಾಪ

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆರೋಗ್ಯವಂತನಾದ ಮಗನನ್ನು ಪಾರುಮಾಡಲು ಹುಚ್ಚನೆಂದು ಸುಳ್ಳು ಹೇಳುವುದು, ನಕಲಿ ಚೀಟಿ ತರುವುದು ಕಡುಪಾಪ. ಸುಳ್ಳು ಸಾಕ್ಷ್ಯವನ್ನು ಪ್ರವಾದಿವರ್ಯರು(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ಅನುಭವಿ ವೈದ್ಯರು ವಾರಗಟ್ಟಲೆ ವಾರ್ಡಿನಲ್ಲಿರಿಸಿ ಗಮನಿಸುವಾಗ ನಟನೆ ಬಹುಕಾಲ ನಿಲ್ಲುವುದಿಲ್ಲ. ನಿಂತರೂ ಅಲ್ಲಾಹನಿಂದ ಮರೆಮಾಚಲಾಗದು. ಇಂಥ ಪ್ರತಿಯೊಂದು ಸುಳ್ಳೂ ನಿಜವಾಗಿ ಅಸ್ವಸ್ಥನಾದವನ ಮಾತನ್ನು ಜನರು ನಂಬದಂತೆ ಮಾಡುತ್ತದೆ.

ಅನ್ಯಾಯಕ್ಕೊಳಗಾದವನ ಹಕ್ಕನ್ನೂ ಮರೆಯಬಾರದು. ಪೆಟ್ಟು ತಿಂದ ಲಾರಿ ಚಾಲಕನೂ ಒಬ್ಬ ತಾಯಿಯ ಮಗನೇ. ಲೇಖನಿ ಎತ್ತಲ್ಪಟ್ಟಿರುವುದು ಪಾಪ ಮತ್ತು ಶಿಕ್ಷೆಯ ವಿಷಯದಲ್ಲಿ. ಬುದ್ಧಿಭ್ರಮಣೆಯವನು ಇತರರ ಸೊತ್ತಿಗೆ ಮಾಡಿದ ಹಾನಿಯನ್ನು ಅವನ ಸೊತ್ತಿನಿಂದ ತುಂಬಿಕೊಡಬೇಕೆಂದು ಫಿಕ್ಹ್ ಪಂಡಿತರು ಹೇಳಿದ್ದಾರೆ. ಕಾನೂನಿನಲ್ಲೂ ವಿಚಾರಣೆ ಮುಂದೂಡಿಕೆ ಎಂದರೆ ಖುಲಾಸೆಯಲ್ಲ. ಆರೋಪಿ ಚೇತರಿಸಿಕೊಂಡಾಗ ವಿಚಾರಣೆ ಮುಂದುವರಿಯುತ್ತದೆ. ಎರಡೂ ಕಡೆಯವರಿಗೆ ನ್ಯಾಯ ಸಿಗಬೇಕಾದುದು ಹೀಗೆಯೇ.

ಪರಲೋಕದ ನ್ಯಾಯಸ್ಥಾನದಲ್ಲಿ ನಮ್ಮ ಕೈಕಾಲುಗಳೇ ಸಾಕ್ಷಿ ನುಡಿಯಲಿವೆ (36:65). ಅಲ್ಲಿ ಯಾರಿಗೂ ಅಣುವಿನಷ್ಟೂ ಅನ್ಯಾಯವಾಗದು. ಇಲ್ಲಿಯ ನ್ಯಾಯಸ್ಥಾನದಲ್ಲಿ ನ್ಯಾಯಾಧೀಶರು ನಮ್ಮಂತೆಯೇ ಮನುಷ್ಯರು. ಅವರಿಗೆ ಕಾಣುವುದು ನಾವು ಅವರ ಮುಂದಿಟ್ಟದ್ದು ಮಾತ್ರ. ಆದುದರಿಂದ ಮನೆಯಲ್ಲಿರುವ ದುರ್ಬಲನ ಪರವಾಗಿ ಸತ್ಯವನ್ನು ಸಕಾಲದಲ್ಲಿ ಹೇಳುವುದು ನಮ್ಮ ಮೇಲಿನ ಅಮಾನತ್ತು. ಅದನ್ನು ನಿರ್ವಹಿಸುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಮನೋರೋಗದಿಂದ ಬಳಲುವವರಿಗೆ ಆರೋಗ್ಯವನ್ನೂ ಅವರ ಮಾತಾಪಿತರಿಗೆ ಸಹನೆಯನ್ನೂ ದಯಪಾಲಿಸಲಿ. ಆಮೀನ್.